ನ್ಯೂಟ್ ಮರಿಗಳ ರೂಪಾಂತರ

ಡಾರ್ಜಿಲಿಂಗ್ ಪ್ರಾಂತದಲ್ಲೂ ಪೂರ್ವ ನೇಪಾಳದಲ್ಲೂ ವಾಸಿಸುವ ಹಿಮಾಲಯದ ನ್ಯೂಟ್ ಬಾಲವುಳ್ಳ ಉಭಯಜೀವಿ. ೨೦೧೫ರಲ್ಲಿ ಇದನ್ನು ಟೈಲೊಟೊಟ್ರೈಟನ್ ಹಿಮಾಲಯಾನಸ್ ಎಂಬ ಪ್ರತ್ಯೇಕ ಪ್ರಭೇದವಾಗಿ ವರ್ಣಿಸಲಾಯಿತು. ಕಪ್ಪೆಯ ರೂಪಾಂತರವನ್ನು ಬಲ್ಲವರು ನ್ಯೂಟಿನದೂ ಅಂತೆಯೇ ಎಂದು ಭಾವಿಸುವುದು ಸಹಜ. ಆದರೆ ಭೇದಗಳುಂಟು, ಪಾಲನೆಯ ಕ್ರಮವೆಲ್ಲ ಅವನ್ನೇ ಅವಲಂಬಿಸಿದೆ.

ಗೊದಮೊಟ್ಟೆಗೆ ಮೊದಲು ಕಾಣಿಸುವುದು ಹಿಂಗಾಲು. ನ್ಯೂಟ್ ಮರಿಗೆ ಮುಂಗಾಲು. ಗೊದಮೊಟ್ಟೆ ಬಹುಮಟ್ಟಿಗೆ ಪಾಚಿಯನ್ನು ಮೇಯುತ್ತದೆ. ನ್ಯೂಟ್ ಮರಿ ಮಾಂಸಾಹಾರಿ, ಚಲಿಸುವುದನ್ನು ಕಂಡು ಬಾಯಿಹಾಕುವುದು. ಆದುದರಿಂದ ಮೊದಲು ನೀರಿನ ಸೂಕ್ಷ್ಮಜೀವಿಗಳನ್ನೂ ಬಳಿಕ ಸೊಳ್ಳೆಮರಿಗಳನ್ನೂ ಸಜೀವವಾಗಿ ಒದಗಿಸಬೇಕು. ಹಸಿದ ಮರಿಗಳು ಒತ್ತಾಗಿದ್ದರೆ ಒಂದರ ಕಾಲನ್ನೊಂದು ಕಚ್ಚುತ್ತವೆ. ನೀರು ತಂಪಾಗಿಯೂ ಕ್ಲೋರಿನ್‌ರಹಿತವಾಗಿಯೂ ಇರಬೇಕು.

ನಿಜವಾದ ಗಂಡಾಂತರ ಬರುವುದು ಕೊನೆಗೆ. ಥೈರಾಯ್ಡ್ ಗ್ರಂಥಿಯ ಸ್ರಾವದಿಂದ ಗರಿಯಂಥ ಕಿವಿರುಗಳು ಕುಗ್ಗುತ್ತವೆ, ಬಾಲದ ಈಜುಪೊರೆ ಕಿರಿದಾಗುತ್ತದೆ, ಕಣ್ಣಿಗೆ ರೆಪ್ಪೆ ಮೂಡುತ್ತದೆ. ಈ ಅವಧಿಯಲ್ಲಿ ಮರಿ ಆಹಾರವನ್ನು ತೊರೆಯುವುದುಂಟು. ಅದನ್ನು ರೋಗವೆಂದು ಭ್ರಮಿಸಬಾರದು. ದಡವಿಲ್ಲದ ಆಳವಾದ ತೊಟ್ಟಿಯಲ್ಲಿ, ನೀರಿನಲ್ಲೇ ಹುಟ್ಟಿದ ಪ್ರಾಣಿ ನೀರಿನಲ್ಲೇ ಮುಳುಗಿ ಸಾಯಬಹುದು! ಆದಕಾರಣ ಕಿವಿರು ಕುಗ್ಗತೊಡಗಿದೊಡನೆ ನೀರನ್ನು ತಗ್ಗಿಸಿ, ಹಾವಸೆ ಹೊದಿಸಿದ ಇಳಿಜಾರು ದಡವನ್ನು ಕಲ್ಪಿಸಬೇಕು. ನೆಲ ಸೇರಿದ ಮರಿಗೆ ತೇವವಾದ ಆಸರೆಯೂ ಎಳೆಯ ಹುಳುಗಳೂ ಬೇಕು.

ಈ ಜೀವಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಇದನ್ನು ಹಿಡಿದು ಮನೆಯಲ್ಲಿ ಸಾಕುವಂತಿಲ್ಲ. ಡಾರ್ಜಿಲಿಂಗಿನ ಪದ್ಮಜಾ ನಾಯ್ಡು ಮೃಗೋದ್ಯಾನವು ಇದರ ಸಂವರ್ಧನೆಯನ್ನು ಕೈಗೊಂಡಿದೆ. ಬೆಟ್ಟದ ಕೊಳಗಳು ಕಟ್ಟಡಗಳಿಗೆ ಎಡೆಗೊಡುತ್ತಿರುವಾಗ ಇಂಥ ಪಾಲನೆ ಅವಶ್ಯಕ. ಆದರೆ ನೀರಿನಲ್ಲಿ ನೂರು ಮರಿಗಳನ್ನು ಬೆಳೆಸಿ ದಡದಲ್ಲಿ ಕಳೆದುಕೊಂಡರೆ ಸಂತತಿ ಉಳಿಯದು. ಸಾಕುವವನ ಜಾಗರೂಕತೆಗೆ ನಿಜವಾದ ಪರೀಕ್ಷೆ ಆ ಕೆಲವು ದಿನಗಳೇ.