ಒಂದು ಸ್ಟ್ರಾಂಗ್ ಬಾಟಲಿ ಅಂದ್ರೆ ಎಷ್ಟು ಪೆಗ್? ‘ಸೆಷನ್ ಬಿಯರ್’ ರುಚಿ ನೋಡಿದ ಮೇಲೆ ಗೋಕುಲ ರಸ್ತೆ ಕಾಕಾ ಹಾಕಿದ ಲೆಕ್ಕ

ಹುಬ್ಬಳ್ಳಿ: “ಒಂದ ಬೀರ್ ಕುಡದೇನ್ರಿ ಸಾಹೇಬ್ರ, ಬ್ರ್ಯಾಂಡಿ ಅಲ್ಲ, ವಿಸ್ಕಿ ಅಲ್ಲ.” ಗೋಕುಲ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಪರಿಚಯದ ಕಾಕಾ ಒಬ್ಬರು ಹೋದ ವರ್ಷ ರಾತ್ರಿ ಅಂಗಡಿ ಮುಚ್ಚಿ ಸ್ಕೂಟರ್ ಮೇಲೆ ಮನೆಗೆ ಹೊರಟಾಗ ಪೊಲೀಸರಿಗೆ ಹೇಳಿದ ಮಾತು ಇದು. ಅವರು ಸುಳ್ಳು ಹೇಳಿರಲಿಲ್ಲ. ಕುಡಿದಿದ್ದು ಖರೇನೇ ಒಂದೇ ಬಾಟಲಿ. ಆದರೆ ಊದಿದ ಮಷಿನ್ 60ರ ಮೇಲೆ ತೋರಿಸಿತು. ಕಾನೂನಿನ ಮಿತಿ 30. ಕೋರ್ಟಿಗೆ ಹೋಗಿ 10 ಸಾವಿರ ರೂಪಾಯಿ ಕಟ್ಟಿ ಬಂದರು.

ಮುಂದೆ ತಿಂಗಳುಗಟ್ಟಲೆ ಕಾಕಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಒಂದ ಬೀರಿಗೆ ಅಷ್ಟ್ಯಾಕ ಬಂತು ತಮ್ಮಾ?”

ಅದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಬೆಂಗಳೂರಿನಲ್ಲಿ, ಕಡಿಮೆ ಆಲ್ಕೋಹಾಲ್ ಇರುವ ಬಿಯರ್ ರುಚಿ ನೋಡಲು ಕೂತಾಗ.

ಸೆಷನ್ ಅಂದ್ರೆ ಕೋರ್ಟಲ್ಲ

ಕಾಕಾ ಮಾಲು ತರಲು ಬೆಂಗಳೂರಿಗೆ ಹೊರಟಿದ್ದರು, ನನಗೂ ಅಲ್ಲಿ ಒಂದು ಕೆಲಸ ಇತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಹೋದೆವು. ಸಂಜೆ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದು ಒಂದು ಬ್ರೂಪಬ್‌ಗೆ ನುಗ್ಗಿದೆವು. ಬ್ರೂಪಬ್ ಅಂದ್ರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಗ್ಲಾಸಿಗೆ ಹಾಕಿ ಕೊಡುವ ಜಾಗ. ಗಾಜಿನ ಹಿಂದೆ ದೊಡ್ಡ ಸ್ಟೀಲ್ ಟ್ಯಾಂಕು ಕಾಣುತ್ತವೆ. ಬೆಂಗಳೂರಿನಲ್ಲಿ 2010-11ರ ಹೊತ್ತಿಗೆ ಟಾಯ್ಟ್, ದ ಬಿಯರ್ ಕ್ಲಬ್ ಇಂಥವು ಶುರುವಾದವು, 2012ರಲ್ಲಿ ಆರ್ಬರ್ ಬಂತು. ಈಗ ಇಂಥವು ಬೆಂಗಳೂರಿನ ಬಡಾವಣೆ ಬಡಾವಣೆಗೂ ಇವೆ.

ಮೆನುವಿನಲ್ಲಿ ‘ಸೆಷನ್’ ಅಂತ ಬರೆದಿದ್ದು ನೋಡಿ ಕಾಕಾ ಗಾಬರಿಯಾದರು. “ಇಲ್ಲೂ ಸೆಷನ್ಸ್ ಕೋರ್ಟ ಏನೋ?”

ಅಲ್ಲ. ಇಂಗ್ಲಿಷ್ ಪಬ್‌ಗಳಲ್ಲಿ ಗೆಳೆಯರ ಜೊತೆ ತಾಸುಗಟ್ಟಲೆ ಕೂರುವ ಬೈಠಕ್‌ಗೆ ಸೆಷನ್ ಅಂತಾರೆ. ಆ ಬೈಠಕ್ ಪೂರ್ತಿ ಕುಡಿದರೂ ತಲೆ ತಿರುಗದ ಹಾಗೆ ತೆಳುವಾಗಿ ಮಾಡಿದ್ದು ಸೆಷನ್ ಬಿಯರ್. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಶೇ 4ರ ಒಳಗೆ, ಅಮೆರಿಕದಲ್ಲಿ ಶೇ 5ರವರೆಗೂ ಆಲ್ಕೋಹಾಲ್ ಇದ್ದರೆ ಈ ಹೆಸರು ಹಚ್ಚುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಧಾನ್ಯ ಉಳಿಸೋಕೆ ಅಂತ ಬ್ರಿಟನ್ ಸರ್ಕಾರ ಬಿಯರನ್ನು ತೆಳು ಮಾಡಿಸಿತ್ತು, ಪಬ್ ತೆರೆಯುವ ಸಮಯಕ್ಕೂ ಕತ್ತರಿ ಹಾಕಿತ್ತು. ಅಲ್ಲಿಯ ಜನಕ್ಕೆ ತೆಳು ಬಿಯರ್ ರೂಢಿಯಾಗಲು ಅದೂ ಒಂದು ಕಾರಣ.

ನಮ್ಮ ಕಡೆ ರೂಢಿ ಪೂರಾ ಉಲ್ಟಾ. ವೈನ್‌ಶಾಪ್ ಕೌಂಟರಿನಲ್ಲಿ ಹತ್ತು ನಿಮಿಷ ನಿಂತು ನೋಡಿ. “ಸ್ಟ್ರಾಂಗ್ ಕೊಡ್ರಿ” ಅನ್ನೋರೇ ಜಾಸ್ತಿ. ರೊಕ್ಕ ಕೊಟ್ಟ ಮ್ಯಾಲ ಏರಬೇಕಲ್ಲ ಅನ್ನೋ ಲೆಕ್ಕ.

ರುಚಿ ನೋಡಿದ್ದು

ಒಂದು ಮರದ ಹಲಗೆ ಮೇಲೆ ನಾಲ್ಕು ಸಣ್ಣ ಗ್ಲಾಸ್ ಜೋಡಿಸಿ ತಂದರು. ಒಂದೊಂದೂ ಚಹಾದ ಗ್ಲಾಸಿಗಿಂತ ಸ್ವಲ್ಪ ದೊಡ್ಡದು. “ಇಷ್ಟನ ಏನು? ಔಷಧ ಕೊಟ್ಟಂಗ ಕೊಟ್ಟಾನಲ್ಲ” ಅಂದರು ಕಾಕಾ. ತಿನ್ನೋಕೆ ಖಾರದ್ದು ಏನಾದರೂ ಬೇಕು ಅಂತಲೂ ಹಟ ಹಿಡಿದರು. ನಾನು ತಡೆದೆ. ಮಿರ್ಚಿ ಭಜಿ ಕಡಿದ ಬಾಯಿಗೆ ತೆಳು ಬಿಯರಿನ ರುಚಿ ಹತ್ತೋದೇ ಇಲ್ಲ, ಬರೀ ತಣ್ಣೀರು ಕುಡಿದ ಹಾಗೆ ಆಗುತ್ತೆ. ಮೊದಲು ಮೂಸಿ ನೋಡಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ನುಂಗಿದ ಮೇಲೆ ನಾಲಿಗೆ ಮೇಲೆ ಏನು ಉಳೀತು ಅಂತ ನೋಡಬೇಕು. ನಡುನಡುವೆ ನೀರು. ಬರ್ಫಿನಂಗೆ ತಣ್ಣಗಿದ್ದರೂ ರುಚಿ ಸತ್ತುಹೋಗುತ್ತೆ, ಅದಕ್ಕೆ ಎರಡು ನಿಮಿಷ ಬಿಟ್ಟು ಕುಡಿಯೋದು ಒಳ್ಳೆಯದು.

ಮೊದಲನೇದು ಬಂಗಾರ ಬಣ್ಣದ ಏಲ್, ಶೇ 4ರ ಒಳಗಿನದು. ಮೂಗಿಗೆ ಹಿಡಿದರೆ ಮೋಸಂಬಿ ಸಿಪ್ಪೆ ಹಿಚುಕಿದ ವಾಸನೆ, ಕೊನೆಗೆ ಸಣ್ಣ ಕಹಿ. ಆ ವಾಸನೆ, ಆ ಕಹಿ ಎರಡೂ ಹಾಪ್ಸ್ ಅನ್ನೋ ಬಳ್ಳಿಯ ಹೂವಿನಿಂದ ಬರುತ್ತವೆ, ಹಣ್ಣು ಹಾಕಿರಲ್ಲ. ಎರಡನೇದು ಗೋಧಿ ಬಿಯರ್, ಮಬ್ಬು ಮಬ್ಬು. ಬಾಳೆಹಣ್ಣು, ಲವಂಗದ ವಾಸನೆ. ಕಾಕಾ ಎಸೆನ್ಸ್ ಹಾಕ್ಯಾರ ಅಂತ ವಾದ ಮಾಡಿದರು. ಅದು ಎಸೆನ್ಸ್ ಅಲ್ಲ, ಆ ಜಾತಿಯ ಯೀಸ್ಟ್ ಹುದುಗುವಾಗ ತಾನಾಗೇ ಬಿಡುವ ವಾಸನೆ.

ಮೂರನೇದು ನನಗೆ ಸೇರಲಿಲ್ಲ. ನೀರು ನೀರು, ಮೇಲೆ ಬೇಯಿಸಿದ ಗೋವಿನಜೋಳದ ವಾಸನೆ. ಕುದಿಸೋದರಲ್ಲಿ ಕಡಿಮೆ ಬಿದ್ದರೆ ಹೀಗೆ ಆಗುತ್ತೆ ಅಂತಾರೆ. ಕರಾಫ್ಟ್ ಅಂದ ಮಾತ್ರಕ್ಕೆ ಎಲ್ಲಾ ಅಮೃತ ಅಲ್ಲ, ಮುನ್ನೂರು ರೂಪಾಯಿ ಮೇಲೆ ಕೊಟ್ಟು ಪೂರ್ತಿ ಗ್ಲಾಸ್ ತೊಗೊಂಡಿದ್ದರೆ ಹೊಟ್ಟೆ ಉರೀತಿತ್ತು.

ನಾಲ್ಕನೇದು ಕಪ್ಪು. ನೋಡೋಕೆ ಭಾರೀ ಜೋರು, ಕುಡಿದರೆ ಹಗುರ. ಹೆಂಚಿನ ಮೇಲೆ ತುಸು ಕರಕಾದ ರೊಟ್ಟಿಯ ರುಚಿ, ಹಿಂದೆ ಕಾಫಿ. ಬಣ್ಣ ಕಪ್ಪಿದ್ದರೆ ನಶೆ ಜಾಸ್ತಿ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಬಣ್ಣ ಬರೋದು ಧಾನ್ಯ ಹುರಿದಿದ್ದರಿಂದ, ಅದಕ್ಕೂ ಆಲ್ಕೋಹಾಲಿಗೂ ಸಂಬಂಧ ಇಲ್ಲ. ಕಾಕಾಗೆ ಹಿಡಿಸಿದ್ದು ಇದೇ. ಒಂದು ಪೂರ್ತಿ ಗ್ಲಾಸ್ ಹೇಳಿದರು, ಮುಕ್ಕಾಲು ತಾಸು ಅದನ್ನೇ ಹಿಡಿದು ಕೂತರು.

ನೀರು ಬೆರೆಸಿ ಮಾಡ್ತಾರಾ?

ಇಲ್ಲ. ಬಿಯರಿಗೆ ಮೂಲ ಬಾರ್ಲಿ ಮಾಲ್ಟ್. ಮನೆಯಲ್ಲಿ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಾಲ್ಟ್ ಮಾಡ್ತೀವಲ್ಲ, ಬಾರ್ಲಿಗೂ ಅದೇ ಕ್ರಮ. ಮೊಳಕೆ ಬಂದ ಕಾಳನ್ನು ಬಿಸಿನೀರಲ್ಲಿ ನೆನೆಸಿದಾಗ ಅದರ ಹಿಟ್ಟಿನ ಅಂಶ ಸಕ್ಕರೆ ಆಗುತ್ತೆ. ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ. ಮಾಲ್ಟ್ ಕಡಿಮೆ ಹಾಕಿದರೆ ಸಕ್ಕರೆ ಕಡಿಮೆ, ನಶೆಯೂ ಕಡಿಮೆ.

ತೊಂದರೆ ಏನಂದ್ರೆ ರುಚಿಯೂ ಕಡಿಮೆ ಆಗುತ್ತೆ. ಅದಕ್ಕೆ ಒಂದು ಉಪಾಯ ಮಾಡ್ತಾರೆ. ಕಾಳು ನೆನೆಸುವ ನೀರಿನ ಬಿಸಿಯನ್ನು 65 ಡಿಗ್ರಿ ಬದಲು 68-69 ಡಿಗ್ರಿಗೆ ಏರಿಸ್ತಾರೆ. ಆಗ ಯೀಸ್ಟ್‌ಗೆ ತಿನ್ನಲಾಗದ ಒಂದು ಜಾತಿ ಸಕ್ಕರೆ ಜಾಸ್ತಿ ಉಳಿದು ಬಾಯಿಗೆ ತುಂಬಿದ ಹಾಗೆ ಅನಿಸುತ್ತೆ. ಕೆಲವರು ಓಟ್ಸ್ ಸೇರಿಸ್ತಾರೆ. ಹಾಪ್ಸನ್ನು ಕೊನೆಯಲ್ಲಿ ಹಾಕಿ ವಾಸನೆ ಹೆಚ್ಚಿಸ್ತಾರೆ.

ಇಷ್ಟೆಲ್ಲಾ ಮಾಡಿದರೂ ಒಂದು ಸಣ್ಣ ತಪ್ಪಾದರೆ ಎದ್ದು ಕಾಣುತ್ತೆ. ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೋಹಾಲಿನ ಬಿಸಿ, ಸಿಹಿ ಸೇರಿ ತಪ್ಪು ಮುಚ್ಚಿಹೋಗುತ್ತೆ, ಹಳಸಿದ ಪಲ್ಯಕ್ಕೆ ಖಾರ ಸುರಿದ ಹಾಗೆ. ತೆಳು ಬಿಯರಿಗೆ ಆ ಸೌಲಭ್ಯ ಇಲ್ಲ.

ಬಿಲ್ಲಿನ ಹಿಂದೆ ಬರೆದ ಲೆಕ್ಕ

ಈಗ ಕಾಕಾ ಪ್ರಶ್ನೆಗೆ ಬರೋಣ. ವ್ಯಾಪಾರಸ್ಥರು ನೋಡ್ರಿ, ಬಿಲ್ಲಿನ ಹಿಂದೆ ಪೆನ್ನಲ್ಲಿ ಗುಣಾಕಾರ ಶುರು ಮಾಡಿದರು. ಸ್ಟ್ರಾಂಗ್ ಬಾಟಲಿ ಮೇಲೆ ಆಲ್ಕೋಹಾಲ್ ಶೇ 8 ಮೀರದಂತೆ ಅಂತ ಇರುತ್ತೆ. 650 ಎಂಎಲ್ ಬಾಟಲಿಗೆ ಶೇ 8 ಅಂದ್ರೆ 52 ಎಂಎಲ್ ಶುದ್ಧ ಆಲ್ಕೋಹಾಲ್. ವಿಸ್ಕಿ, ರಮ್ಮು ನಮ್ಮಲ್ಲಿ ಶೇ 42.8. 60 ಎಂಎಲ್‌ನ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು 26 ಎಂಎಲ್. ಅಂದ್ರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ದೊಡ್ಡ ಪೆಗ್ಗಿಗೆ ಸಮ. ಒಂದು ನೈಂಟಿಯಲ್ಲಿ ಇರೋದು 38-39 ಎಂಎಲ್, ಅದಕ್ಕಿಂತ ಇದೇ ಜಾಸ್ತಿ. ಬಾಟಲಿಯಲ್ಲಿ ಶೇ 7 ಮಾತ್ರ ಇದೆ ಅಂತ ಹಿಡಿದರೂ 45 ಎಂಎಲ್ ಆಯಿತು.

ಶೇ 4ರ ಸೆಷನ್ ಬಿಯರ್ 330 ಎಂಎಲ್ ಗ್ಲಾಸಿನಲ್ಲಿ ಇರೋದು 13 ಎಂಎಲ್. ಒಂದು ಸ್ಟ್ರಾಂಗ್ ಬಾಟಲಿ ಇಂಥ ನಾಲ್ಕು ಗ್ಲಾಸಿಗೆ ಸಮ.

ಕಾಕಾ ಪೆನ್ ಕೆಳಗಿಟ್ಟರು. “ಅಂದ್ರ ಅವತ್ತ ನಾ ಎರಡ ಪೆಗ್ ಹಾಕ್ಕೊಂಡು ಗಾಡಿ ಹೊಡದೇನಿ.”

ಹೌದು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಬಾರದು. ಅದರಲ್ಲಿ ಬಿಯರ್, ವಿಸ್ಕಿ ಅಂತ ಭೇದ ಇಲ್ಲ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೆ 10 ಸಾವಿರ ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕರೆ 15 ಸಾವಿರ ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ.

ಹಂಗಾದ್ರೆ ಸೆಷನ್ ಬಿಯರ್ ಕುಡಿದು ಗಾಡಿ ಹೊಡೀಬಹುದಾ? ಇಲ್ಲೇ ಬಹಳ ಜನ ಎಡವೋದು. 60 ಕೆ.ಜಿ. ತೂಕದ ಗಂಡಸಿಗೆ ಇಂಥ ಒಂದೇ ಗ್ಲಾಸ್ ಸುಮಾರು 25ರ ಹತ್ತಿರ ಒಯ್ಯಬಲ್ಲದು. ಎರಡನ್ನು ಗಡಿಬಿಡಿಯಲ್ಲಿ ಕುಡಿದರೆ ಮಿತಿ ದಾಟಿದ ಹಾಗೇ. ತೂಕ ಕಡಿಮೆ ಇದ್ದರೆ, ಹೊಟ್ಟೆ ಖಾಲಿ ಇದ್ದರೆ ಇನ್ನೂ ಬೇಗ. ಒಂದು ಗ್ಲಾಸಿನ ಆಲ್ಕೋಹಾಲ್ ಕರಗಲು ಲಿವರ್‌ಗೆ ಸುಮಾರು ಒಂದು ತಾಸು ಬೇಕು, ಕೆಲವರಿಗೆ ಅದಕ್ಕೂ ಹೆಚ್ಚು. ನಿಂಬೆಹಣ್ಣು, ಮಜ್ಜಿಗೆ, ಕಡಕ್ ಚಹಾ ಯಾವುದೂ ಆ ತಾಸನ್ನು ಕಡಿಮೆ ಮಾಡಲ್ಲ. ನಾವಿಬ್ಬರೂ ಮೆಟ್ರೊದಲ್ಲೇ ವಾಪಸ್ ಬಂದೆವು. ಆಲ್ಕೋಹಾಲಿಗೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಕಡಿಮೆ ಅಂದ್ರೆ ಕಡಿಮೆ ಅಷ್ಟೇ, ಔಷಧ ಅಲ್ಲ.

ಇಲ್ಲೇ ಊರಲ್ಲಿ ಕುಡಿಯುವವರು ಬ್ರೂಪಬ್ ಹುಡುಕಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮಾಮೂಲಿ ಮೈಲ್ಡ್ ಬಿಯರ್ ಶೇ 5ರ ಒಳಗೆ ಇರುತ್ತೆ. ಅದರ 330 ಎಂಎಲ್ ಪಿಂಟ್ ತೊಗೊಂಡರೆ ಹೆಚ್ಚೆಂದರೆ 16 ಎಂಎಲ್ ಆಲ್ಕೋಹಾಲ್, ದೊಡ್ಡ ಸ್ಟ್ರಾಂಗ್ ಬಾಟಲಿಯ ಮೂರನೇ ಒಂದು ಪಾಲು. ರುಚಿ ಆ ಕಪ್ಪು ಗ್ಲಾಸಿನಷ್ಟು ಇರಲ್ಲ, ಅದು ಬೇರೆ ಮಾತು. ಶೇಕಡಾ ಎಷ್ಟು ಅನ್ನೋದು ಲೇಬಲ್ ಮೇಲೆ ಇರುತ್ತೆ, ಅಕ್ಷರ ಮಾತ್ರ ಸಾಸಿವೆ ಕಾಳಿನಷ್ಟು.

ಕಾಕಾ ಈಗ ಬಾಟಲಿ ತಿರುಗಿಸಿ ಓದಿಯೇ ತೊಗೊಳ್ಳೋದು. ಚಷ್ಮಾ ಮರೆತ ದಿನ ಕೌಂಟರಿನಿಂದಲೇ ನನಗೆ ಫೋನ್ ಬರುತ್ತೆ: “ತಮ್ಮಾ, ಇದರ ಫೋಟೋ ಕಳಸ್ತೇನಿ, ಎಷ್ಟ ಐತಿ ನೋಡಿ ಹೇಳು.”