ವೀರರಸ ಮತ್ತು ವಿಡಿಯೋ ಗೇಮ್: ಬಲದ ಮಿತಿಯ ಪ್ರಶ್ನೆ

ಸೂಪರ್‌ಹೀರೋ ಸಾಹಸದ ವಿಡಿಯೋ ಗೇಮ್ ಒಂದು ರಂಜಿಸುವುದಕ್ಕೂ ಮತ್ತೊಂದು ನಿರಾಶೆಗೊಳಿಸುವುದಕ್ಕೂ ಕಾರಣವೇನು? ಕಾವ್ಯಮೀಮಾಂಸೆಯ ಪ್ರಕಾರ ವೀರರಸದ ಸ್ಥಾಯಿಭಾವ ಉತ್ಸಾಹವೇ ಹೊರತು ಬಲವಲ್ಲ. ಈ ವ್ಯತ್ಯಾಸವೇ ಉತ್ತರದ ದಾರಿಯನ್ನು ತೋರುತ್ತದೆ.

ನಿಂಟೆಂಡೊ 64ಕ್ಕಾಗಿ 1999ರಲ್ಲಿ ಬಂದ 'ಸೂಪರ್‌ಮ್ಯಾನ್' ಆಟದಲ್ಲಿ ಅಮಿತಬಲದ ನಾಯಕನು ಮಂಜು ಕವಿದ ನಗರದಲ್ಲಿ ಬಳೆಗಳ ಸಾಲಿನೊಳಗೆ ಮತ್ತೆ ಮತ್ತೆ ಹಾರಬೇಕು. ನಿಯಂತ್ರಣಗಳೂ ಕೈಗೆ ಒಗ್ಗುವುದಿಲ್ಲ. ಬಲಕ್ಕೂ ಕಾರ್ಯಕ್ಕೂ ಸಂಬಂಧವಿಲ್ಲದೆಡೆ ಉತ್ಸಾಹ ಹುಟ್ಟದು. 2009ರ 'ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್'ನಲ್ಲಿ ನಾಯಕನು ಬಂದೂಕಿನೆದುರು ದುರ್ಬಲ. ಕತ್ತಲಲ್ಲಿ ಅಡಗಿ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಮಣಿಸಬೇಕು. ಇಲ್ಲಿ ಮಿತಿಯೇ ಉದ್ದೀಪನ ವಿಭಾವವಾಗುತ್ತದೆ.

ಈ ತತ್ತ್ವ ನಮಗೆ ಹೊಸದಲ್ಲ. ಹಾರವಾಡವನ್ನೊಳಗೊಂಡ ಅಂಕೋಲಾ–ಕಾರವಾರ ಕರಾವಳಿಯ ಪ್ರೇಕ್ಷಕರಿಗೆ ಯಕ್ಷಗಾನದ ಹನುಮಂತ ಚಿರಪರಿಚಿತ. ಶಾಪದಿಂದ ತನ್ನ ಬಲವನ್ನೇ ಮರೆತವನಿಗೆ ಕಡಲ ದಂಡೆಯಲ್ಲಿ ಜಾಂಬವಂತನು ಅದನ್ನು ನೆನಪಿಸುತ್ತಾನೆ. ಆ ಮರೆವಿನಿಂದಲೇ ಸಮುದ್ರಲಂಘನಕ್ಕೆ ರೋಮಾಂಚನ ಒದಗುತ್ತದೆ. ಆಟಗಳಲ್ಲಿ ಹಂತಹಂತವಾಗಿ ದೊರೆಯುವ ಶಕ್ತಿಗಳದ್ದೂ ಇದೇ ಕ್ರಮ.

ಆದರೆ ಭೇದವೂ ಇದೆ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ 'ಹನುಮಾನ್: ಬಾಯ್ ವಾರಿಯರ್' ಬಂದಾಗ, ದೇವರನ್ನು ಆಟಗಾರನ ಅಧೀನಕ್ಕೆ ಒಪ್ಪಿಸಿದ್ದು ಸರಿಯಲ್ಲವೆಂಬ ಆಕ್ಷೇಪ ಕೇಳಿಬಂತು. ವೇಷಧಾರಿಯು ಹನುಮಂತನಾಗುತ್ತಾನೆ, ಆಟಗಾರನು ಹನುಮಂತನನ್ನು ನಡೆಸುತ್ತಾನೆ. ಸಹೃದಯನೇ ಕರ್ತೃವೂ ಆಗುವ ಈ ಸ್ಥಿತಿ ರಸಚಿಂತನೆಗೆ ಹೊಸ ಸವಾಲು. ಇಲ್ಲಿ ನಾಯಕನ ಸೋಲು ಸಹೃದಯನ ಕೈಯ ಸೋಲೂ ಹೌದು. ಆ ಸೋಲು ನ್ಯಾಯವೆನಿಸಿದರೆ ಆಟ ಮತ್ತೆ ಕರೆಯುತ್ತದೆ. ಅನ್ಯಾಯವೆನಿಸಿದರೆ ನಿರಾಶೆ ಮಾತ್ರ ಉಳಿಯುತ್ತದೆ.