ದಣ್ಣಾಯಕನೂ ಅಭ್ಯರ್ಥಿಯೂ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬದುಕಿನ ಎರಡು ಮುಖ

ಹಿಂದಿನ ಅವಿಭಜಿತ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೋಟೆಯೊಂದು ಇಂದು ಭವಾನಿಸಾಗರ ಜಲಾಶಯದ ತಳದಲ್ಲಿ ಮುಳುಗಿದೆ. ಅದರ ಹೆಸರು ದಣ್ಣಾಯಕನಕೋಟೆ. ತಮಿಳರ ಬಾಯಲ್ಲಿ ಇಂದಿಗೂ ಉಳಿದಿರುವ ಈ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಸಂಸ್ಕೃತದ ‘ದಂಡನಾಯಕ’ವು ತದ್ಭವಗೊಂಡು ‘ದಣ್ಣಾಯಕ’ವಾಯಿತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಕಾಣುವ ದಣ್ಣಾಯಕನು ಕೇವಲ ಕತ್ತಿ ಹಿಡಿದವನಲ್ಲ. ನಾಡನ್ನು ಆಳಿದವನು, ದತ್ತಿ ಬಿಟ್ಟವನು, ದೇಗುಲ ಕಟ್ಟಿಸಿದವನು. ಅದಕ್ಕೂ ಹಿಂದೆ ಗಂಗರ ಚಾವುಂಡರಾಯನು ಸೇನಾಪತಿಯೂ ಮಂತ್ರಿಯೂ ಆಗಿದ್ದು, ಕ್ರಿ.ಶ. 978ರಲ್ಲಿ ಗದ್ಯಕೃತಿಯನ್ನು ರಚಿಸಿದವನೂ ಹೌದು. ದಂಡು ಮತ್ತು ಆಡಳಿತ ಒಂದೇ ಕೈಯಲ್ಲಿರುವುದು ಹಳಗನ್ನಡದ ಲೋಕಕ್ಕೆ ವಿಚಿತ್ರವಾಗಿರಲಿಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಈ ಎರಡನ್ನೂ ಬೇರ್ಪಡಿಸಿತು. ಸೇನೆಯ ಪರಮಾಧಿಪತ್ಯ ರಾಷ್ಟ್ರಪತಿಯದು. ನಿರ್ಧಾರ ಚುನಾಯಿತ ಸರಕಾರದ್ದು. ಈ ಗೆರೆಯ ಎರಡೂ ಬದಿಯಲ್ಲಿ ನಿಂತು ನೋಡಿದ ಕನ್ನಡನಾಡಿನ ವ್ಯಕ್ತಿ ಕೊಡಂದೇರ ಮಾದಪ್ಪ ಕಾರ್ಯಪ್ಪ.

1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪನವರು ಮಡಿಕೇರಿಯಲ್ಲಿ ಶಾಲಾ ಶಿಕ್ಷಣವನ್ನೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮುಂದಿನ ವ್ಯಾಸಂಗವನ್ನೂ ಮಾಡಿದರು. ಭಾರತೀಯರಿಗೆ ಅಧಿಕಾರಿ ಪದವಿಯ ಬಾಗಿಲು ಆಗತಾನೇ ತೆರೆದಿತ್ತು. ಇಂದೂರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿದ್ದ ಅವರು 1919ರಲ್ಲಿ ಮುಂಬಯಿಯಲ್ಲಿ ಬೀಡುಬಿಟ್ಟಿದ್ದ ಕರ್ನಾಟಿಕ್ ಪದಾತಿ ದಳವನ್ನು ಸೇರಿದರು. ಮುಂದಿನ ದಾರಿಯುದ್ದಕ್ಕೂ ‘ಮೊದಲಿಗ’ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಮೊದಲ ಭಾರತೀಯ, 1942ರಲ್ಲಿ ಬೆಟಾಲಿಯನ್ ಒಂದರ ನೇತೃತ್ವ ವಹಿಸಿದ ಮೊದಲ ಭಾರತೀಯ ಅವರೇ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಸೇನೆಯ ಮಹಾದಂಡನಾಯಕತ್ವವನ್ನು ವಹಿಸಿಕೊಂಡರು. ಆ ದಿನವೇ ಇಂದು ಸೇನಾ ದಿನ.

ಸೇನೆಯಲ್ಲಿ ಅವರು ಸಾಧಿಸಿದ್ದು ಕಾಶ್ಮೀರ ಯುದ್ಧದ ನಿರ್ವಹಣೆಯಷ್ಟೇ ಅಲ್ಲ. ರಾಜಕಾರಣದ ಗಾಳಿ ಸೇನೆಯೊಳಕ್ಕೆ ಸುಳಿಯಬಾರದೆಂಬ ನಿಷ್ಠುರ ನಿಲುವನ್ನು ಅವರು ತಾಳಿದರು. ಆಜಾದ್ ಹಿಂದ್ ಫೌಜಿನವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳುವುದನ್ನು ವಿರೋಧಿಸಿದ್ದೂ ಈ ನಿಲುವಿನಿಂದಲೇ. ಆದರೆ ತಮ್ಮ ವಿಷಯದಲ್ಲಿ ಅವರು ಅಷ್ಟೇ ಎಚ್ಚರ ವಹಿಸಿದರೆನ್ನಲಾಗದು. ಆರ್ಥಿಕ ನೀತಿಯಂತಹ ವಿಷಯಗಳ ಬಗೆಗೂ ಸಾರ್ವಜನಿಕವಾಗಿ ಮಾತನಾಡತೊಡಗಿದಾಗ, ಪತ್ರಿಕಾಗೋಷ್ಠಿಗಳನ್ನು ಕಡಿಮೆ ಮಾಡುವಂತೆ ಪ್ರಧಾನಿ ನೆಹರೂ ಅವರೇ ಪತ್ರ ಬರೆದು ಸೂಚಿಸಬೇಕಾಯಿತು.

1953ರ ಜನವರಿ 14ರಂದು ಕಾರ್ಯಪ್ಪನವರು ನಿವೃತ್ತರಾದರು. ಅದೇ ತಿಂಗಳ 20ರಂದು ಅಮೆರಿಕದಲ್ಲಿ ಜನರಲ್ ಐಸೆನ್‌ಹೋವರ್ ಮತದ ಬಲದಿಂದ ಅಧ್ಯಕ್ಷಪದವಿಗೇರಿದರು. ಐದು ವರ್ಷಗಳ ಬಳಿಕ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ಮತದ ಹಂಗಿಲ್ಲದೆ ಅಧಿಕಾರ ಹಿಡಿದರು. ಅವಿಭಜಿತ ಸೇನೆಯಲ್ಲಿ ಅಯೂಬರು ಕಾರ್ಯಪ್ಪನವರ ಅಧೀನದಲ್ಲಿದ್ದವರು. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರ ಹಾದಿ ಇಷ್ಟು ಭಿನ್ನವಾಯಿತು. ಕಾರ್ಯಪ್ಪನವರು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ 1956ರವರೆಗೆ ಭಾರತದ ಹೈಕಮಿಷನರ್ ಆಗಿದ್ದು, ಆಮೇಲೆ ಮಡಿಕೇರಿಯ ತಮ್ಮ ಮನೆಗೆ ಮರಳಿದರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮಗ ಸೆರೆಯಾದಾಗ ಅಯೂಬರು ವಿಶೇಷ ಬಿಡುಗಡೆಗೆ ಮುಂದಾದರು. ಸೆರೆಯಲ್ಲಿರುವ ಸೈನಿಕರೆಲ್ಲರೂ ತನ್ನ ಮಕ್ಕಳೇ ಎಂದು ತಂದೆ ಅದನ್ನು ನಿರಾಕರಿಸಿದರು.

ಪಕ್ಷರಾಜಕಾರಣದ ಬಗೆಗೆ ಬೇಸತ್ತು, ರಾಷ್ಟ್ರಪತಿ ಆಳ್ವಿಕೆಯೇ ಲೇಸೆಂದು ಅವರು ವಾದಿಸಿದ್ದೂ ಉಂಟು. ಆದರೂ ಕೊನೆಗೆ ಅವರು ಹಿಡಿದ ದಾರಿ ಮತಪೆಟ್ಟಿಗೆಯದು. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ಈಶಾನ್ಯ ಕ್ಷೇತ್ರದಿಂದ, ಅಂದರೆ ಅಧಿಕಾರಿಯಾಗಿ ಮೊದಲ ಹೆಜ್ಜೆಯಿಟ್ಟ ನಗರದಿಂದಲೇ, ಅವರು ಸ್ಪರ್ಧಿಸಿದರು. ಇಂದಿರಾ ಗಾಂಧಿಯವರ ಕಾಂಗ್ರೆಸ್ 352 ಸ್ಥಾನಗಳನ್ನು ಗೆದ್ದ ಚುನಾವಣೆಯದು. ಕಾರ್ಯಪ್ಪನವರು ಸೋತರು.

ಸೋಲಿಗೆ ಅಲೆಯೊಂದೇ ಕಾರಣವೆನ್ನುವುದು ಸುಲಭ. ಭಾಷೆಯ ಪ್ರಶ್ನೆಯೂ ಇಲ್ಲಿದೆ. ಮನೆಮಾತು ಕೊಡವ, ವ್ಯವಹಾರದ ನುಡಿ ಇಂಗ್ಲಿಷ್ ಆಗಿದ್ದ ಅವರಿಗೆ ಹಿಂದೂಸ್ತಾನಿ ಕೊನೆಯವರೆಗೂ ಒಗ್ಗಲಿಲ್ಲ. ದೇಶ ಸ್ವತಂತ್ರವಾಗಿದೆಯೆಂದು ಸೈನಿಕರಿಗೆ ತಿಳಿಸಹೊರಟು, ‘ಆಜಾದ್’ ಎನ್ನಬೇಕಾದಲ್ಲಿ ‘ಮುಫ್ತ್’ ಎಂದರೆಂಬ ಪ್ರಸಂಗ ಸೇನಾವಲಯದಲ್ಲಿ ಪ್ರಚಲಿತವಾಗಿದೆ. ಇಂಗ್ಲಿಷಿನ ಒಂದೇ ಪದ ಎರಡಕ್ಕೂ ಸಲ್ಲುವುದರಿಂದಾದ ಎಡವಟ್ಟು ಅದು. ಕನ್ನಡದಲ್ಲಿ ಬಿಡುಗಡೆ ಬೇರೆ, ಬಿಟ್ಟಿ ಬೇರೆ; ‘ಬಿಟ್ಟಿ’ಯಂತೂ ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದ ದುಡಿಮೆ. ಸೈನಿಕರು ಇಂತಹ ತಪ್ಪನ್ನು ಪ್ರೀತಿಯಿಂದ ಕ್ಷಮಿಸಿ ಆಜ್ಞೆಯನ್ನು ಪಾಲಿಸುತ್ತಾರೆ. ಮರಾಠಿ, ಗುಜರಾತಿ, ಕನ್ನಡಗಳನ್ನಾಡುವ ಮುಂಬಯಿಯ ಮತದಾರನಿಗೆ ಪಾಲಿಸುವ ಬಾಧ್ಯತೆಯಿಲ್ಲ, ಅವನ ಮನವೊಲಿಸಬೇಕು.

ಈ ವ್ಯತ್ಯಾಸವನ್ನು ಪದಗಳೇ ಹೇಳುತ್ತವೆ. ದಂಡನಾಯಕನ ಕೈಯಲ್ಲಿರುವುದು ದಂಡ. ‘ಅಭ್ಯರ್ಥಿ’ ಎಂದರೆ ಬೇಡುವವನು. ಅವನು ಮಾಡುವುದು ಮತಯಾಚನೆ. ಎಪ್ಪತ್ತು ದಾಟಿದ ಮಾಜಿ ಮಹಾದಂಡನಾಯಕರು ಸಾಮಾನ್ಯ ಪ್ರಜೆಯ ಮುಂದೆ ಯಾಚಕರಾಗಿ ನಿಂತರು, ಪ್ರಜೆ ಒಲ್ಲೆನೆಂದಾಗ ಆ ತೀರ್ಪಿಗೆ ತಲೆಬಾಗಿದರು. ಅವರು ಗೆದ್ದ ಯುದ್ಧಗಳ ಪಟ್ಟಿಯಲ್ಲಿ ಈ ಸೋಲಿಗೆ ಸ್ಥಾನವಿಲ್ಲ. ಅವರು ಕಾಯ್ದ ಗಣರಾಜ್ಯದ ಚರಿತ್ರೆಯಲ್ಲಿ ಇದೆ.

ದೇಶ ಅವರನ್ನು ಮರೆಯಲಿಲ್ಲ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯಿತ್ತು ಗೌರವಿಸಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಭವಾನಿಸಾಗರದ ನೀರು ಬಹಳ ಇಳಿದ ವರ್ಷಗಳಲ್ಲಿ ದಣ್ಣಾಯಕನ ಕಾಲದ ದೇಗುಲ ಮತ್ತೆ ಕಾಣಿಸಿಕೊಳ್ಳುತ್ತದೆ. ದಂಡೂ ಆಳ್ವಿಕೆಯೂ ಒಂದೇ ಕೈಯಲ್ಲಿದ್ದ ಕಾಲದ ಕುರುಹು ಅದು. ಆ ಕಾಲ ಮುಗಿದಿದೆ ಎಂಬುದಕ್ಕೆ ಕಾರ್ಯಪ್ಪನವರ ಬದುಕಿನ ಎರಡೂ ಮುಖಗಳು ಸಾಕ್ಷಿ.